ವೇಗೋತ್ಕರ್ಷಕಗಳ ಅಯಸ್ಕಾಂತಗಳೂ ಅವುಗಳ ವಿದ್ಯುದ್ಭಂಡಾರಗಳೂ

ಪರಮಾಣುವಿನ ಗರ್ಭವನ್ನು ಭೇದಿಸಿ ನೋಡುವ ವಿದ್ಯೆಯ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ಯಾವ ವರ್ಷದಲ್ಲಿ ಯಾವ ಕಣವು ಗೋಚರವಾಯಿತು, ಅದನ್ನು ಮೊದಲು ಕಂಡವರು ಯಾರು, ಯಾರಿಗೆ ನೊಬೆಲ್ ಪಾರಿತೋಷಕವು ದೊರೆಯಿತು ಎಂಬ ಸಂಗತಿಗಳು ಅಂತಹ ಗ್ರಂಥಗಳಲ್ಲಿ ವಿಸ್ತಾರವಾಗಿಯೇ ಬಂದಿರುತ್ತವೆ. ಆದರೆ ಆ ಕಣಗಳನ್ನು ಹಿಡಿದು ವೃತ್ತಾಕಾರವಾಗಿ ತಿರುಗಿಸಿದ ಅಯಸ್ಕಾಂತಗಳಿಗೆ ವಿದ್ಯುತ್ತು ಎಲ್ಲಿಂದ ಬಂದಿತು, ಅದನ್ನು ಕೂಡಿಟ್ಟವರು ಯಾರು, ಬೇಕಾದ ಕ್ಷಣದಲ್ಲಿ ಅದನ್ನು ಬಿಟ್ಟುಕೊಟ್ಟ ಉಪಾಯವಾವುದು ಎಂಬ ಪ್ರಶ್ನೆಗಳಿಗೆ ಅಲ್ಲಿ ಒಂದೆರಡು ಸಾಲುಗಳಿಗಿಂತ ಹೆಚ್ಚಿನ ಸ್ಥಳವು ದೊರೆಯುವುದು ಅಪರೂಪ. ದೇವಾಲಯದ ಗೋಪುರವನ್ನು ವರ್ಣಿಸುವವನು ನೆಲದೊಳಗಿನ ಅಸ್ತಿಭಾರದ ಮಾತನ್ನೆತ್ತದಿರುವಂತೆ ಇದೂ ಸಹಜವೆನ್ನಬಹುದು. ಆದರೂ ಅಸ್ತಿಭಾರವನ್ನು ಗಮನಿಸದವನು ಗೋಪುರವೇಕೆ ಅಷ್ಟೇ ಎತ್ತರಕ್ಕೆ ನಿಂತಿತೆಂಬುದನ್ನು ಹೇಳಲಾರನು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ೧೯೫೦ರ ದಶಕದಲ್ಲಿ ನಡೆದ ಒಂದು ಮಹಾಪ್ರಯತ್ನವನ್ನು ವ್ಯರ್ಥವೆಂದು ನಗೆಯಾಡಿದವರು ಅಂದಿನಿಂದಲೂ ಇದ್ದಾರೆ. ಆ ತೀರ್ಪು ನ್ಯಾಯವೇ ಎಂಬುದನ್ನು ಪರ್ಯಾಲೋಚಿಸುವುದಕ್ಕೂ ಮೇಲ್ಕಂಡ ಪ್ರಶ್ನೆಗಳ ಕಡೆಯಿಂದಲೇ ಹೊರಡಬೇಕಾಗುತ್ತದೆ. ಈ ಲೇಖನದ ಉದ್ದೇಶವೂ ಅದೇ ಆಗಿದೆ.

ವಿಷಯವನ್ನು ಮೊದಲು ತಿಳಿಯಾಗಿ ಹೇಳಬೇಕು. ಪ್ರೋಟಾನ್ ಮುಂತಾದ ವಿದ್ಯುದಂಶವುಳ್ಳ ಕಣವು ಅಯಸ್ಕಾಂತದ ಕ್ಷೇತ್ರದಲ್ಲಿ ಚಲಿಸುವಾಗ ನೇರವಾಗಿ ಹೋಗದೆ ಬಾಗಿ ಹೋಗುತ್ತದೆ. ಕಣದ ಆವೇಗವು ಹೆಚ್ಚಿದಷ್ಟೂ ಅದನ್ನು ಅದೇ ವೃತ್ತದಲ್ಲಿ ಉಳಿಸಿಕೊಳ್ಳಲು ಕ್ಷೇತ್ರವೂ ಬಲವಾಗಬೇಕು. ಸಿಂಕ್ರೊಟ್ರಾನ್ ಎಂಬ ಯಂತ್ರದಲ್ಲಿ ವೃತ್ತವು ಬದಲಾಗುವುದಿಲ್ಲ. ಆದುದರಿಂದ ಕಣವು ಸುತ್ತುಸುತ್ತಿಗೆ ವೇಗವನ್ನು ಪಡೆಯುತ್ತಿರುವಾಗ ಅಯಸ್ಕಾಂತದ ಬಲವೂ ಅದರ ಜೊತೆಜೊತೆಯಲ್ಲಿಯೇ ಏರುತ್ತ ಹೋಗಬೇಕು. ಈ ಏರಿಕೆಯೆಲ್ಲ ಒಂದೆರಡು ಸೆಕೆಂಡುಗಳಲ್ಲಿ, ಕೆಲವು ಯಂತ್ರಗಳಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ, ಮುಗಿಯುತ್ತದೆ. ಬಳಿಕ ಕ್ಷೇತ್ರವು ಇಳಿದು, ಮುಂದಿನ ಕಣಸಮೂಹಕ್ಕಾಗಿ ಮತ್ತೆ ಮೊದಲಿಂದ ಏರಬೇಕು.

ಕ್ಷೇತ್ರವು ಶಿಖರವನ್ನು ಮುಟ್ಟಿದಾಗ ಅದರಲ್ಲಿ ಅಡಗಿರುವ ಶಕ್ತಿಯ ಮೊತ್ತವು ನೋಡುವುದಕ್ಕೆ ಅಷ್ಟು ಭಯಂಕರವಾದುದೇನೂ ಅಲ್ಲ. ಐವತ್ತು ಕೋಟಿ ಜೂಲ್ ಎಂದರೆ ಮನೆಯ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು ೧೩೯ ಯೂನಿಟ್ಟುಗಳು. ಸಾಧಾರಣವಾದ ಒಂದು ಸಂಸಾರವು ತಿಂಗಳೊಂದರಲ್ಲಿ ಉರಿಸಿ ಮುಗಿಸುವಷ್ಟು. ಕಷ್ಟವಿರುವುದು ಮೊತ್ತದಲ್ಲಿ ಅಲ್ಲ, ಕಾಲದಲ್ಲಿ. ಅದೇ ೧೩೯ ಯೂನಿಟ್ಟನ್ನು ಒಂದೇ ಸೆಕೆಂಡಿನಲ್ಲಿ ಕೊಡಬೇಕಾದರೆ ಐವತ್ತು ಕೋಟಿ ವಾಟುಗಳ ವಿದ್ಯುದಾಗಾರವು ಬೇಕಾಗುವುದು. ಮರುಗಳಿಗೆಯಲ್ಲಿ ಆ ಆಗಾರಕ್ಕೆ ಮಾಡಲು ಕೆಲಸವೇ ಇರದು. ಸಣ್ಣ ಹಳ್ಳದ ನೀರು ರಾತ್ರಿಯೆಲ್ಲ ಹರಿದು ಕೆರೆಯನ್ನು ತುಂಬಿಸಿದರೆ, ಬೆಳಗ್ಗೆ ತೂಬನ್ನೆತ್ತಿದಾಗ ಗದ್ದೆಯ ಬಯಲೆಲ್ಲ ಒಮ್ಮೆಗೇ ನೆನೆಯುವುದು. ಹಳ್ಳವನ್ನೇ ಹೊಳೆಯಾಗಿ ಮಾಡಲು ಯಾರೂ ಹೊರಡರು. ಅಯಸ್ಕಾಂತಗಳ ವಿಷಯದಲ್ಲಿಯೂ ಪಂಡಿತರು ಹುಡುಕಿದುದು ಇಂತಹ ಕೆರೆಯನ್ನೂ ಇಂತಹ ತೂಬನ್ನೂ.

ಇನ್ನೊಂದು ತೊಡಕುಂಟು. ತಂತಿಯ ಸುರುಳಿಯು ತನ್ನಲ್ಲಿ ಹರಿಯುವ ಪ್ರವಾಹದ ಬದಲಾವಣೆಯನ್ನು ಪ್ರತಿಭಟಿಸುವ ಸ್ವಭಾವದ್ದು. ಪ್ರವಾಹವನ್ನು ಬೇಗನೆ ಏರಿಸಬೇಕೆಂದರೆ ಹೆಚ್ಚಿನ ವೋಲ್ಟೇಜಿನಿಂದ ನೂಕಬೇಕು. ಸುರುಳಿಯ ಸುತ್ತುಗಳನ್ನು ಕಡಮೆ ಮಾಡಿದರೆ ಕಡಮೆ ವೋಲ್ಟೇಜೇ ಸಾಕಾಗುವುದು. ಆದರೆ ಆಗ ಪ್ರವಾಹವು ಲಕ್ಷಾಂತರ ಆಂಪಿಯರುಗಳಿಗೆ ಏರಬೇಕಾಗುವುದು. ಹೆಚ್ಚು ವೋಲ್ಟೇಜೋ ಹೆಚ್ಚು ಪ್ರವಾಹವೋ ಎಂಬ ಈ ಕವಲುದಾರಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕ್ಯಾನ್‌ಬೆರಾದ ಕಥೆಯು ಈ ಕವಲಿನಲ್ಲಿಯೇ ಬೇರೆಯಾಗುತ್ತದೆ.

ಹೀಗೆ ಕ್ಷಣಮಾತ್ರ ಚಿಮ್ಮಿ ನಿಲ್ಲುವ ಪ್ರವಾಹಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಸ್ಪಂದವೆನ್ನಬಹುದು, ನಾಡಿಯೆನ್ನಬಹುದು. ನಮಗೆ ‘ಮಿಡಿತ’ವೆಂಬ ಮಾತೇ ಮೇಲೆಂದು ತೋರುತ್ತದೆ. ಮಿಡಿ ಎಂಬ ಧಾತುವಿಗೆ ಬೆರಳಿನಿಂದ ಥಟ್ಟನೆ ಚಿಮ್ಮು, ತಂತಿಯನ್ನು ಮೀಟು ಎಂಬ ಅರ್ಥಗಳೂ ಉಂಟು, ನಾಡಿಯ ಬಡಿತವೆಂಬ ಅರ್ಥವೂ ಉಂಟು. ಬಿಗಿಹಿಡಿದು ಒಮ್ಮೆಗೇ ಬಿಡುವುದು, ಮತ್ತು ಹಾಗೆ ಬಿಟ್ಟುದು ಕ್ರಮವಾಗಿ ಮರಳಿ ಮರಳಿ ಬರುವುದು ಎಂಬ ಎರಡೂ ಭಾವಗಳು ಈ ಒಂದು ಮಾತಿನಲ್ಲಿ ಸೇರಿವೆ. ಈ ಲೇಖನದಲ್ಲಿ ಅದನ್ನೇ ಬಳಸುವೆವು.

ಮಿಡಿತದ ಅಯಸ್ಕಾಂತದ ಚರಿತ್ರೆಯು ವೇಗೋತ್ಕರ್ಷಕಗಳಿಗಿಂತ ಹಳೆಯದು. ರಷ್ಯದ ಪ್ಯೋತ್ರ್ ಕಪಿತ್ಸನು ೧೯೨೧ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಬಂದು, ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ರದರ್‌ಫರ್ಡನ ಶಿಷ್ಯವೃಂದವನ್ನು ಸೇರಿದನು. ರೇಡಿಯಂ ಮುಂತಾದ ಧಾತುಗಳಿಂದ ಹೊರಡುವ ಆಲ್ಫಾ ಕಣಗಳ ಜಾಡನ್ನು ಮೋಡದ ಪೆಟ್ಟಿಗೆಯಲ್ಲಿ ಬಾಗಿಸಿ ನೋಡಬೇಕೆಂಬುದು ಆತನ ಅಪೇಕ್ಷೆ. ಸಾಧಾರಣ ಕಬ್ಬಿಣದ ಅಯಸ್ಕಾಂತದಿಂದ ಅದು ಆಗುವಂತಿರಲಿಲ್ಲ. ಕಬ್ಬಿಣವು ಇಪ್ಪತ್ತು ಸಾವಿರ ಗೌಸುಗಳ ಸುಮಾರಿಗೆ ತೃಪ್ತಿಹೊಂದಿ, ಅದರಿಂದ ಮುಂದಕ್ಕೆ ಹೆಚ್ಚಿನ ನೆರವನ್ನು ಕೊಡುವುದಿಲ್ಲ. ಕಬ್ಬಿಣವನ್ನು ಬಿಟ್ಟು ಬರಿಯ ತಾಮ್ರದ ಸುರುಳಿಯಲ್ಲಿ ಅಪಾರ ಪ್ರವಾಹವನ್ನು ಹರಿಸಿದರೆ ಸುರುಳಿಯು ಕರಗಿಹೋಗುವುದು. ಆಗ ಕಪಿತ್ಸನಿಗೆ ಹೊಳೆದ ಯುಕ್ತಿಯು ಬಹು ಸರಳ. ಸುರುಳಿಯು ಕಾಯುವುದಕ್ಕೆ ಕಾಲವು ಬೇಕು. ಆ ಕಾಲವನ್ನೇ ಕೊಡದಿದ್ದರಾಯಿತು. ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ಪ್ರವಾಹವನ್ನು ಹರಿಸಿ, ಆ ಅವಧಿಯಲ್ಲಿಯೇ ಅಳತೆಯನ್ನು ಮುಗಿಸಿಕೊಂಡರೆ ಪ್ರಯೋಗವೂ ನಡೆಯಿತು, ಸುರುಳಿಯೂ ಉಳಿಯಿತು.

೧೯೨೪ರಲ್ಲಿ ಆತನು ಪ್ರಕಟಿಸಿದ ಮೊದಲ ಪದ್ಧತಿಯಲ್ಲಿ ಶಕ್ತಿಯ ಭಂಡಾರವು ಸೀಸದ ಬ್ಯಾಟರಿಗಳಾಗಿತ್ತು. ೧೯೨೭ರಲ್ಲಿ ಪ್ರಕಟವಾದ ಎರಡನೆಯ ಪದ್ಧತಿಯಲ್ಲಿ ಬ್ಯಾಟರಿಯ ಸ್ಥಾನಕ್ಕೆ ಮೆಟ್ರೊಪಾಲಿಟನ್-ವಿಕರ್ಸ್ ಕಾರ್ಖಾನೆಯಲ್ಲಿ ಮಾಡಿಸಿದ ಒಂದು ವಿಶೇಷ ವಿದ್ಯುಜ್ಜನಕವು ಬಂದಿತು. ಅದರ ಚಕ್ರವನ್ನು ಮೆಲ್ಲಗೆ ಪೂರ್ಣ ವೇಗಕ್ಕೆ ತಂದು, ಬಳಿಕ ಅದನ್ನು ಸುರುಳಿಯ ಮೂಲಕ ಥಟ್ಟನೆ ಮೊಟಕುಗೊಳಿಸಿದರೆ, ಚಕ್ರದ ಗತಿಯಲ್ಲಿದ್ದ ಶಕ್ತಿಯು ಅರೆಯಲೆಯೊಂದರಷ್ಟು ಹೊತ್ತಿನಲ್ಲಿ ಸುರುಳಿಗೆ ನುಗ್ಗುತ್ತಿತ್ತು. ಪ್ರವಾಹವು ಸೊನ್ನೆಯನ್ನು ದಾಟುವ ಬಿಂದುವಿನಲ್ಲಿಯೇ ಅದನ್ನು ಕತ್ತರಿಸುವ ಒಂದು ಕೀಲಿಯನ್ನೂ ರಚಿಸಬೇಕಾಯಿತು. ಸುರುಳಿಯು ತನ್ನ ಬಲದಿಂದಲೇ ಸಿಡಿಯದಂತೆ ರಚಿಸುವ ಲೆಕ್ಕದಲ್ಲಿ ನೆರವಾದವನು, ಇಂಜಿನಿಯರನಾಗಿ ಅದೇ ಕಾರ್ಖಾನೆಯಲ್ಲಿ ಪಳಗಿ ಬಂದಿದ್ದ ಜಾನ್ ಕಾಕ್‌ಕ್ರಾಫ್ಟ್. ೧೯೩೨ರಲ್ಲಿ ವಾಲ್ಟನ್ನನೊಡಗೂಡಿ ಲಿಥಿಯಂ ಪರಮಾಣುವನ್ನು ಒಡೆದವನೂ ಈತನೇ. ಹೀಗೆ ಪಡೆದ ಕ್ಷೇತ್ರವು ೩,೨೦,೦೦೦ ಗೌಸುಗಳನ್ನು ಮುಟ್ಟಿತು. ಭೂಮಿಯ ಸ್ವಂತ ಕಾಂತಕ್ಷೇತ್ರಕ್ಕಿಂತ ಸುಮಾರು ಆರು ಲಕ್ಷ ಪಟ್ಟು ಬಲವಾದುದು.

ಇಲ್ಲಿ ಒಂದು ಸೊಗಸಾದ ವಿವರವನ್ನು ಹೇಳದೆ ಮುಂದುವರಿಯಲಾಗದು. ವಿದ್ಯುಜ್ಜನಕವನ್ನು ಮೊಟಕುಗೊಳಿಸಿದಾಗ ಯಂತ್ರಕ್ಕೆ ತಗಲುವ ಆಘಾತವು ನೆಲವನ್ನೇ ನಡುಗಿಸುತ್ತಿತ್ತು. ಆ ನಡುಕವು ಸೂಕ್ಷ್ಮವಾದ ಅಳತೆಯನ್ನು ಕೆಡಿಸುವುದು. ಕಪಿತ್ಸನು ಸುರುಳಿಯನ್ನು ಯಂತ್ರದಿಂದ ಸುಮಾರು ಇಪ್ಪತ್ತು ಮೀಟರು ದೂರದಲ್ಲಿ, ಕೋಣೆಯ ಇನ್ನೊಂದು ತುದಿಯಲ್ಲಿ ಇಟ್ಟನು. ನಡುಕವು ನೆಲದಲ್ಲಿ ಅಷ್ಟು ದೂರ ಸಾಗಲು ಸೆಕೆಂಡಿನ ನೂರರಲ್ಲೊಂದು ಪಾಲು ಬೇಕು. ಅದು ಬಂದು ತಲಪುವಷ್ಟರಲ್ಲಿ ಪ್ರಯೋಗವೇ ಮುಗಿದುಹೋಗಿರುತ್ತಿತ್ತು! ಕಂಪನವನ್ನು ತಡೆಯುವ ಗೋಡೆಯನ್ನು ಕಟ್ಟುವ ಬದಲು ಕಂಪನಕ್ಕಿಂತ ಮುಂಚೆ ಕೆಲಸವನ್ನು ಮುಗಿಸುವ ಈ ಬುದ್ಧಿಯೇ ಮಿಡಿತದ ವಿದ್ಯೆಯ ಜೀವಾಳ. ೧೯೩೪ರಲ್ಲಿ ಸ್ವದೇಶಕ್ಕೆ ಹೋಗಿದ್ದ ಕಪಿತ್ಸನನ್ನು ಸೋವಿಯೆತ್ ಸರಕಾರವು ಹಿಂದಿರುಗಗೊಡಲಿಲ್ಲ. ರದರ್‌ಫರ್ಡನು ಉದಾರಮನಸ್ಸಿನಿಂದ ಒಪ್ಪಲಾಗಿ, ಮರುವರ್ಷ ಮೂವತ್ತು ಸಾವಿರ ಪೌಂಡುಗಳ ಬೆಲೆಗೆ ಆ ಯಂತ್ರಗಳೂ ಆತನನ್ನು ಹಿಂಬಾಲಿಸಿ ಮಾಸ್ಕೋ ನಗರಕ್ಕೆ ಹೋದುವು.

ಕಪಿತ್ಸನ ಕೆಲಸವನ್ನು ಹತ್ತಿರದಿಂದ ಕಂಡವರಲ್ಲಿ ಮಾರ್ಕ್ ಆಲಿಫಂಟ್ ಎಂಬ ಆಸ್ಟ್ರೇಲಿಯದ ತರುಣನೊಬ್ಬನಿದ್ದನು. ೧೯೦೧ರಲ್ಲಿ ಜನಿಸಿದ ಈತನು ೧೯೨೭ರಲ್ಲಿ ಕ್ಯಾವೆಂಡಿಷಿಗೆ ಬಂದು, ಹತ್ತು ವರ್ಷಗಳ ಬಳಿಕ ಬರ್ಮಿಂಗ್‌ಹ್ಯಾಮಿನ ಪ್ರಾಧ್ಯಾಪಕನಾದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರಿನ ಹೃದಯವಾದ ಮ್ಯಾಗ್ನಟ್ರಾನ್ ಎಂಬ ನಳಿಕೆಯನ್ನು ರಾಂಡಾಲ್ ಮತ್ತು ಬೂಟ್ ಎಂಬವರು ೧೯೪೦ರಲ್ಲಿ ನಿರ್ಮಿಸಿದುದು ಈತನ ವಿಭಾಗದಲ್ಲಿಯೇ. ರೇಡಾರಿಗೂ ನಮ್ಮ ವಿಷಯಕ್ಕೂ ಹತ್ತಿರದ ಸಂಬಂಧವುಂಟು. ಮ್ಯಾಗ್ನಟ್ರಾನು ಸೆಕೆಂಡಿನ ದಶಲಕ್ಷದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ಕೂಗಿ ಸುಮ್ಮನಾಗಬೇಕಾದುದರಿಂದ, ಅಷ್ಟು ಕಿರಿದಾದ ಹೆಚ್ಚು ವೋಲ್ಟೇಜಿನ ಮಿಡಿತವನ್ನು ಮಾಡುವ ಕಲೆಯು ಯುದ್ಧದ ಒತ್ತಾಯದಿಂದ ನಾಲ್ಕೈದು ವರ್ಷಗಳಲ್ಲಿ ಪಕ್ವವಾಯಿತು. ಇಂಗ್ಲೆಂಡಿನ ಆಲನ್ ಬ್ಲಮ್‌ಲೀನ್ ರಚಿಸಿದ ಮಿಡಿತದ ಮಂಡಲವು ಇಂದಿಗೂ ಆತನ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ಆತನಾದರೋ ೧೯೪೨ರ ಜೂನ್ ೭ರಂದು ರೇಡಾರನ್ನು ಪರೀಕ್ಷಿಸುತ್ತಿದ್ದ ವಿಮಾನವು ಬಿದ್ದು ಮಡಿದನು. ಅಮೆರಿಕದಲ್ಲಿ ಇದೇ ಕಾಲದಲ್ಲಿ ಜಲಜನಕ ತುಂಬಿದ ಥೈರಟ್ರಾನ್ ಎಂಬ ಕೀಲಿನಳಿಕೆಯು ಸಿದ್ಧವಾಯಿತು. ಯುದ್ಧವು ಮುಗಿದ ಮೇಲೆ ಈ ಕಲೆಯೂ ಈ ನಳಿಕೆಗಳೂ ವೇಗೋತ್ಕರ್ಷಕಗಳ ಅಂಗಳಕ್ಕೆ ಬಂದುವು.

ಪ್ರೋಟಾನುಗಳ ಸಿಂಕ್ರೊಟ್ರಾನನ್ನು ಆಲಿಫಂಟನು ೧೯೪೩ರಷ್ಟು ಹಿಂದೆಯೇ ಕಲ್ಪಿಸಿದ್ದನು. ಆದರೆ ಕಲ್ಪಿಸಿದವನಿಗೆ ಮೊದಲ ಫಲವು ದೊರೆಯಲಿಲ್ಲ. ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಕಾಸ್ಮೊಟ್ರಾನ್ ೧೯೫೨ರಲ್ಲಿ ಕೆಲಸಕ್ಕೆ ತೊಡಗಿತು; ಬರ್ಮಿಂಗ್‌ಹ್ಯಾಮಿನ ಯಂತ್ರವು ಮರುವರ್ಷ ನಡೆಯಿತು. ೧೯೫೪ರಲ್ಲಿ ಬರ್ಕ್ಲಿಯ ಬೆವಟ್ರಾನ್ ೬೨೦ ಕೋಟಿ ಇಲೆಕ್ಟ್ರಾನ್-ವೋಲ್ಟುಗಳ ಶಕ್ತಿಯನ್ನು ಗುರಿಯಾಗಿಟ್ಟು ಎದ್ದಿತು. ಅದರ ಅಯಸ್ಕಾಂತದ ಕಬ್ಬಿಣವೇ ಸುಮಾರು ಹತ್ತು ಸಾವಿರ ಟನ್ನು. ಶಿಖರಕಾಲದಲ್ಲಿ ಅದು ಬೇಡುತ್ತಿದ್ದ ಹತ್ತು ಕೋಟಿ ವಾಟುಗಳಷ್ಟು ವಿದ್ಯುತ್ತನ್ನು ಊರಿನ ತಂತಿಯಿಂದ ಎಳೆದರೆ ಊರಿನ ದೀಪಗಳೆಲ್ಲ ಐದಾರು ಸೆಕೆಂಡಿಗೊಮ್ಮೆ ಮಂಕಾಗುವುವು. ಅದಕ್ಕಾಗಿ ೬೫ ಟನ್ ತೂಕದ ಒಂದೊಂದು ಭಾರಚಕ್ರವುಳ್ಳ ಎರಡು ಜನಕಯಂತ್ರಗಳನ್ನು ಇಟ್ಟರು. ಕುಂಬಾರನು ಕೋಲಿನಿಂದ ತಿಗುರಿಯನ್ನು ನಾಲ್ಕು ಸಲ ತಿರುವಿ ಬಿಟ್ಟು, ಬಳಿಕ ಅದರಲ್ಲಿ ಕೂಡಿದ ಗತಿಯಿಂದಲೇ ಗಡಿಗೆಯನ್ನೆತ್ತುವಂತೆ, ಮೋಟಾರು ಆ ಚಕ್ರಗಳಿಗೆ ಮೆಲ್ಲಮೆಲ್ಲನೆ ವೇಗವನ್ನು ತುಂಬುವುದು. ಮಿಡಿತದ ಕಾಲಕ್ಕೆ ಚಕ್ರವು ತನ್ನ ಗತಿಯನ್ನು ಅಯಸ್ಕಾಂತಕ್ಕೆ ಧಾರೆಯೆರೆದು ಕೊಂಚ ನಿಧಾನವಾಗುವುದು. ಮಿಡಿತವು ಇಳಿಯುವಾಗ ಅಯಸ್ಕಾಂತದಲ್ಲಿದ್ದ ಶಕ್ತಿಯನ್ನು ಬೆಂಕಿಯಾಗಿ ಕಳೆದುಬಿಡದೆ, ಪಾದರಸದ ಇಗ್ನಿಟ್ರಾನ್ ನಳಿಕೆಗಳ ಮೂಲಕ ಹಿಂದಕ್ಕೆ ತಿರುಗಿಸಿ ಚಕ್ರಕ್ಕೇ ಮರಳಿಸುವರು. ತಿಗುರಿಗೆ ಇಲ್ಲದ ಗುಣವಿದು. ಯಂತ್ರವು ನಡೆಯುತ್ತಿರುವಷ್ಟು ಹೊತ್ತೂ ಚಕ್ರಗಳ ಏರಿಳಿಯುವ ಗೋಳುದನಿಯು ಆ ಆವರಣದಲ್ಲೆಲ್ಲ ಕೇಳಿಬರುತ್ತಿತ್ತಂತೆ. ೧೯೫೫ರಲ್ಲಿ ಪ್ರತಿಪ್ರೋಟಾನು ಗೋಚರವಾದುದು ಈ ಯಂತ್ರದಲ್ಲಿಯೇ. ಚೇಂಬರ್ಲಿನ್ ಮತ್ತು ಸೆಗ್ರೆ ಇವರಿಗೆ ೧೯೫೯ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಇನ್ನು ಕ್ಯಾನ್‌ಬೆರಾದ ವಿಷಯ. ಆಲಿಫಂಟನು ೧೯೫೦ರಲ್ಲಿ ಸ್ವದೇಶಕ್ಕೆ ಮರಳಿ, ಹೊಸದಾಗಿ ಸ್ಥಾಪಿತವಾಗಿದ್ದ ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಶಾಲೆಯ ಮುಖ್ಯಸ್ಥನಾದನು. ಲೋಕದ ಹಿರಿಯ ಪ್ರಯೋಗಶಾಲೆಗಳಿಗೆ ಸರಿದೊರೆಯಾದ ವೇಗೋತ್ಕರ್ಷಕವೊಂದನ್ನು ತನ್ನ ನಾಡಿನಲ್ಲಿ ಕಟ್ಟಬೇಕೆಂಬುದು ಆತನ ಹಂಬಲ. ಮೊದಲು ಆತನು ಯೋಚಿಸಿದುದು ೨೦೦ ಕೋಟಿ ಇಲೆಕ್ಟ್ರಾನ್-ವೋಲ್ಟುಗಳ ಯಂತ್ರವನ್ನು. ಅಮೆರಿಕದವರು ಅದನ್ನು ಮೀರಿ ಹೋಗುತ್ತಿದ್ದುದನ್ನು ಕಂಡು ಗುರಿಯನ್ನು ೧,೦೦೦ ಕೋಟಿಗೆ ಏರಿಸಿದನು. ಹತ್ತಾರು ಸಾವಿರ ಟನ್ನು ಕಬ್ಬಿಣವನ್ನು ಕೊಳ್ಳುವ ಹಣವು ಆ ನಾಡಿನಲ್ಲಿರಲಿಲ್ಲ. ಆದುದರಿಂದ ಆತನು ಕಪಿತ್ಸನ ದಾರಿಯನ್ನೇ ಹಿಡಿದನು: ಕಬ್ಬಿಣವೇ ಬೇಡ, ಬರಿಯ ತಾಮ್ರದ ವಾಹಕಗಳಲ್ಲಿ ಹತ್ತು ಇಪ್ಪತ್ತು ಲಕ್ಷ ಆಂಪಿಯರುಗಳ ಮಿಡಿತವನ್ನು ಹರಿಸಿದರೆ ಕಬ್ಬಿಣದ ಮಿತಿಗಿಂತ ಎಷ್ಟೋ ಮೇಲಾದ ಕ್ಷೇತ್ರವು ದೊರೆಯುವುದು, ವೃತ್ತವೂ ಚಿಕ್ಕದಾಗುವುದು.

ಅಷ್ಟು ಪ್ರವಾಹವನ್ನು ಕೊಡಬಲ್ಲ ಭಂಡಾರವಾಗಿ ಆತನು ಆರಿಸಿದುದು ಹೋಮೋಪೋಲಾರ್ ಜನಕವನ್ನು. ಇದರ ತತ್ತ್ವವು ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ತೋರಿಸಿದ ತಟ್ಟೆಯದು: ಅಯಸ್ಕಾಂತದ ಎರಡು ಮುಖಗಳ ನಡುವೆ ಲೋಹದ ತಟ್ಟೆಯನ್ನು ತಿರುಗಿಸಿದರೆ ಅದರ ನಡುವಿಗೂ ಅಂಚಿಗೂ ಮಧ್ಯೆ ವೋಲ್ಟೇಜು ಹುಟ್ಟುತ್ತದೆ. ಆ ವೋಲ್ಟೇಜು ಅಲ್ಪ. ಪ್ರವಾಹಕ್ಕಾದರೋ ಮಿತಿಯೇ ಇಲ್ಲವೆನ್ನಬಹುದು. ಇಲ್ಲಿ ಭಾರಚಕ್ರವೂ ಜನಕವೂ ಒಂದೇ ಆಗಿರುವುದು ಈ ಉಪಾಯದ ಸೊಬಗು. ಸುಮಾರು ಮೂರೂವರೆ ಮೀಟರು ಅಡ್ಡಳತೆಯ, ಒಟ್ಟು ಎಂಬತ್ತು ಟನ್ನುಗಳಷ್ಟು ತೂಕದ ಉಕ್ಕಿನ ತಟ್ಟೆಗಳು ನಿಮಿಷಕ್ಕೆ ೯೦೦ ಸುತ್ತುಗಳಂತೆ ತಿರುಗಿದಾಗ ಅವುಗಳಲ್ಲಿ ಐವತ್ತು ಕೋಟಿ ಜೂಲ್ ಶಕ್ತಿಯು ಕೂಡುವುದೆಂದು ಎಣಿಕೆ. ಮೇಲೆ ನಾವು ೧೩೯ ಯೂನಿಟ್ಟೆಂದು ಲೆಕ್ಕ ಹಾಕಿದುದು ಈ ಮೊತ್ತವನ್ನೇ.

ಉಪಾಯವು ಸೊಗಸಾಗಿದ್ದರೂ ಅದನ್ನು ಆಗುಮಾಡುವುದು ಸುಲಭವಾಗಿರಲಿಲ್ಲ. ತಿರುಗುತ್ತಿರುವ ತಟ್ಟೆಯಿಂದ ಲಕ್ಷಾಂತರ ಆಂಪಿಯರುಗಳನ್ನು ಹೊರಕ್ಕೆ ತರುವುದು ಹೇಗೆ? ದ್ರವರೂಪದ ಸೋಡಿಯಂ-ಪೊಟ್ಯಾಸಿಯಂ ಲೋಹವನ್ನು ತಟ್ಟೆಯ ಅಂಚಿಗೆ ಚಿಮ್ಮಿಸಿ ಅದರ ಮೂಲಕ ಪ್ರವಾಹವನ್ನು ಎತ್ತಬೇಕೆಂದು ಮೊದಲು ಪ್ರಯತ್ನಿಸಿದರು. ನೀರಿನ ತೇವವನ್ನು ಕಂಡರೆ ಹೊತ್ತಿ ಉರಿಯುವ ಈ ಲೋಹವನ್ನು ಪಳಗಿಸುವುದರಲ್ಲಿ ವರ್ಷಗಳೇ ಕಳೆದುವು. ಕೊನೆಗೆ ಅದನ್ನು ಕೈಬಿಟ್ಟು ಘನರೂಪದ ಬ್ರಷ್ಷುಗಳಿಗೇ ಹಿಂದಿರುಗಿದರು. ಜನಕವು ಮೊದಲು ಶಕ್ತಿಯನ್ನು ಕೊಟ್ಟುದು ೧೯೬೨ರಲ್ಲಿ. ಆಗ ಆ ವಿಶ್ವವಿದ್ಯಾನಿಲಯದ ಕುಲಾಧಿಪತಿಯ ಪೀಠದಲ್ಲಿದ್ದವನು ಬೇರಾರೂ ಅಲ್ಲ, ಮೂವತ್ತೈದು ವರ್ಷಗಳ ಹಿಂದೆ ಕಪಿತ್ಸನ ಸುರುಳಿಗೆ ಲೆಕ್ಕ ಹಾಕಿಕೊಟ್ಟ ಕಾಕ್‌ಕ್ರಾಫ್ಟನೇ.

ಭಂಡಾರವು ಸಿದ್ಧವಾಯಿತು, ವೇಗೋತ್ಕರ್ಷಕವು ಮಾತ್ರ ಹುಟ್ಟಲಿಲ್ಲ. ಪ್ರೋಟಾನು ಒಂದೇ ಒಂದು ಸುತ್ತು ತಿರುಗುವುದಕ್ಕೆ ಮೊದಲೇ ಆ ಯೋಜನೆಯನ್ನು ಕೈಬಿಟ್ಟರು. ಬೆಲೆಯು ಬಹಳ, ಪ್ರಯೋಜನವಿಲ್ಲ ಎಂಬ ವಸ್ತುವನ್ನು ಇಂಗ್ಲಿಷಿನವರು ಬಿಳಿಯ ಎಲಿಫಂಟ್ ಎನ್ನುವುದುಂಟು. ಆ ಮಾತನ್ನು ತಿರುಚಿ ಈ ಯಂತ್ರವನ್ನು ‘ಬಿಳಿಯ ಆಲಿಫಂಟ್’ ಎಂದು ಕರೆದು ನಕ್ಕರು.

ಈ ನಗೆಯು ನ್ಯಾಯವಾದುದೇ? ನಮ್ಮ ಅಭಿಪ್ರಾಯದಲ್ಲಿ ಪೂರ್ತಿ ಅಲ್ಲ. ಆಲಿಫಂಟನ ಪಕ್ಷದವರು ಹಣದ ಮತ್ತು ಜನದ ಕೊರತೆಯನ್ನು ಕಾರಣವಾಗಿ ಹೇಳುವರು. ವಿರೋಧಿಗಳು ಆತನ ಅತಿಯಾಸೆಯನ್ನು ಹೇಳುವರು. ಎರಡರಲ್ಲಿಯೂ ಸತ್ಯಾಂಶವಿದ್ದರೂ ಮೂಲಕಾರಣವು ಬೇರೆಯೆಂದು ತೋರುತ್ತದೆ. ಕೂರಂಟ್, ಲಿವಿಂಗ್‌ಸ್ಟನ್, ಸ್ನೈಡರ್ ಎಂಬ ಮೂವರು ೧೯೫೨ರಲ್ಲಿ ಪ್ರಬಲ ಕೇಂದ್ರೀಕರಣವೆಂಬ ತತ್ತ್ವವನ್ನು ಪ್ರಕಟಿಸಿದರು; ಗ್ರೀಸಿನ ಕಡೆಯ ಕ್ರಿಸ್ಟೋಫಿಲೋಸನಿಗೆ ಇದು ಅದಕ್ಕೆ ಮೊದಲೇ ಸ್ವತಂತ್ರವಾಗಿ ಹೊಳೆದಿತ್ತು. ಅಯಸ್ಕಾಂತದ ಖಂಡಗಳನ್ನು ಒಂದು ಒಳಮುಖವಾಗಿ ಒಂದು ಹೊರಮುಖವಾಗಿ ಇಳಿಜಾರು ಮಾಡಿ ಜೋಡಿಸಿದರೆ ಕಣಗಳ ಪ್ರವಾಹವು ಬಹು ಸಣ್ಣಗೆ ಒಟ್ಟಾಗಿ ಹರಿಯುವುದು. ಆಗ ಅದು ಹರಿಯುವ ಕೊಳವೆಯೂ, ಕೊಳವೆಯನ್ನು ಅಪ್ಪಿದ ಅಯಸ್ಕಾಂತವೂ, ಅದರಲ್ಲಿ ತುಂಬಬೇಕಾದ ಶಕ್ತಿಯೂ ಎಲ್ಲವೂ ಕುಗ್ಗುವುವು. ಜಿನೀವಾದ ಸೆರ್ನ್ ಸಂಸ್ಥೆಯವರು ಆಗ ತಾನೇ ೧,೦೦೦ ಕೋಟಿಯ ಹಳೆಯ ಮಾದರಿಯ ಯಂತ್ರವನ್ನು ಕಟ್ಟಬೇಕೆಂದಿದ್ದರು. ಅವರ ಮೂವರು ಪ್ರತಿನಿಧಿಗಳು ಅದೇ ವರ್ಷ ಬ್ರೂಕ್‌ಹೇವನ್ನಿಗೆ ಹೋಗಿ ಈ ಹೊಸ ತತ್ತ್ವವನ್ನು ಕೇಳಿ ಬಂದರು. ಸಂಸ್ಥೆಯು ಹಳೆಯ ನಕ್ಷೆಯನ್ನು ಬದಿಗಿಟ್ಟು ಹೊಸದನ್ನು ಬರೆಯಿಸಿತು. ಅದರ ಫಲವಾದ ಪ್ರೋಟಾನ್ ಸಿಂಕ್ರೊಟ್ರಾನು ೧೯೫೯ರ ನವೆಂಬರ್ ೨೪ರಂದು ೨,೪೦೦ ಕೋಟಿಯನ್ನು ಮುಟ್ಟಿತು. ರಷ್ಯದ ದುಬ್ನಾ ನಗರದಲ್ಲಿ ಹಳೆಯ ಮಾದರಿಯಂತೆಯೇ ೩೬,೦೦೦ ಟನ್ನು ಕಬ್ಬಿಣವನ್ನು ಕೂಡಿಸಿ ೧೯೫೭ರಲ್ಲಿ ಪಡೆದುದು ೧,೦೦೦ ಕೋಟಿ. ಜಿನೀವಾದ ಯಂತ್ರಕ್ಕೆ ಅದರ ಹತ್ತನೆಯ ಒಂದು ಪಾಲು ಕಬ್ಬಿಣವೇ ಸಾಕಾಯಿತು.

ಎಂದ ಮೇಲೆ, ಶಕ್ತಿಯ ಭಂಡಾರವು ಎಷ್ಟಿರಬೇಕೆಂಬುದನ್ನು ನಿಶ್ಚಯಿಸುವುದು ಅಯಸ್ಕಾಂತ. ಅಯಸ್ಕಾಂತದ ರೂಪವೇ ಬದಲಾಗುತ್ತಿದ್ದ ಕಾಲದಲ್ಲಿ ಆಲಿಫಂಟನು ಭಂಡಾರವನ್ನು ಮೊದಲು ಕಟ್ಟಲು ಹೊರಟನು. ಕೆರೆಯನ್ನು ಅಗೆದು ಮುಗಿಸುವಷ್ಟರಲ್ಲಿ ಗದ್ದೆಯು ಬೇರೆಡೆಗೆ ಹೋಗಿತ್ತು. ಇದಲ್ಲದೆ ಕ್ಯಾನ್‌ಬೆರಾದ ತಟ್ಟೆಗಳಿಗೆ ಮತ್ತೆ ವೇಗವನ್ನು ತುಂಬಲು ನಿಮಿಷಗಳೇ ಬೇಕು. ಜಿನೀವಾದ ಯಂತ್ರವು ಕೆಲವೇ ಸೆಕೆಂಡುಗಳಿಗೊಮ್ಮೆ ಮಿಡಿಯುತ್ತಿತ್ತು. ಕಣಗಳ ಸಂಖ್ಯೆಯೇ ಪ್ರಧಾನವಾದ ವಿದ್ಯೆಯಲ್ಲಿ ಈ ಅಂತರವನ್ನು ತುಂಬಿಕೊಡುವ ಮಾರ್ಗವಿರಲಿಲ್ಲ. ದೋಷವಿದ್ದುದು ಕ್ರಮದಲ್ಲಿ, ಯಂತ್ರದಲ್ಲಿ ಅಲ್ಲ. ಯಂತ್ರವಾದರೋ ತನ್ನ ಮಟ್ಟಿಗೆ ನಿರ್ದುಷ್ಟವಾಗಿದ್ದು ೧೯೮೫ರ ವರೆಗೆ ದುಡಿಯಿತು. ಉರಿಯುವ ಅನಿಲವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಪ್ರಯೋಗಗಳಿಗೆ ಅದು ವಿದ್ಯುತ್ತನ್ನು ಕೊಟ್ಟಿತು. ೧೯೭೦ರ ದಶಕದಲ್ಲಿ ಅದರ ಮಿಡಿತದಿಂದ ಮೂರು ಗ್ರಾಂ ತೂಕದ ಚೂರೊಂದನ್ನು ಎರಡು ಕಂಬಿಗಳ ನಡುವೆ ಸೆಕೆಂಡಿಗೆ ೫.೯ ಕಿಲೋಮೀಟರು ವೇಗದಲ್ಲಿ ಹಾರಿಸಿದುದು ಲೋಕದ ಇಂಜಿನಿಯರರನ್ನೆಲ್ಲ ಬೆರಗುಗೊಳಿಸಿತು. ಆಲಿಫಂಟನು ೧೯೭೧ರಿಂದ ೧೯೭೬ರ ವರೆಗೆ ದಕ್ಷಿಣ ಆಸ್ಟ್ರೇಲಿಯದ ರಾಜ್ಯಪಾಲನಾಗಿದ್ದು ೨೦೦೦ದಲ್ಲಿ ತೀರಿಕೊಂಡನು. ಆತನ ಜನಕದ ಅವಶೇಷಗಳನ್ನು ವಿಶ್ವವಿದ್ಯಾನಿಲಯದ ಆವರಣದಲ್ಲಿ ಬಯಲಿನಲ್ಲಿಯೇ ನಿಲ್ಲಿಸಿದ್ದಾರೆ.

ಭಾರಚಕ್ರಗಳಲ್ಲದೆ ಬೇರೆ ಉಪಾಯಗಳೂ ಇದ್ದುವು. ಪ್ರಿನ್ಸ್‌ಟನ್ನಿನ ವೈಟ್ ಎಂಬವನು ೧೯೫೦ರ ದಶಕದ ನಡುವಿನಲ್ಲಿ ಸೂಚಿಸಿದ ಮಂಡಲದಲ್ಲಿ ಶಕ್ತಿಯು ಅಯಸ್ಕಾಂತಕ್ಕೂ ವಿದ್ಯುದ್ಧಾರಕಗಳಿಗೂ ನಡುವೆ ಉಯ್ಯಾಲೆಯಂತೆ ತೂಗುತ್ತಿರುವುದು. ಹೊರಗಿನಿಂದ ಕೊಡಬೇಕಾದುದು, ಉಯ್ಯಾಲೆಗೆ ಆಗಾಗ ಕೈಯೊತ್ತು ಕೊಡುವಂತೆ, ಸವೆದುಹೋಗುವಷ್ಟನ್ನು ಮಾತ್ರ. ಸೆಕೆಂಡಿಗೆ ಇಪ್ಪತ್ತು ಐವತ್ತು ಸಲ ಮಿಡಿಯಬೇಕಾದ ಯಂತ್ರಗಳಿಗೆ ಇದೇ ಯೋಗ್ಯವೆಂದು ಕಂಡುಬಂದು, ಇಂಗ್ಲೆಂಡಿನ ಐಸಿಸ್ ಮುಂತಾದ ಕಡೆಗಳಲ್ಲಿ ನೆಲೆಗೊಂಡಿತು.

ವಿದ್ಯುತ್ತನ್ನು ಒದಗಿಸುವ ಈ ಕೆಲಸವನ್ನು ಕೆಳದರ್ಜೆಯದೆಂದು ಎಣಿಸುವವರಿಗೆ ಸೈಮನ್ ವಾನ್ ಡರ್ ಮೀರನ ಜೀವನವೇ ಉತ್ತರ. ೧೯೨೫ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಹುಟ್ಟಿ, ಡೆಲ್ಫ್ಟಿನಲ್ಲಿ ಇಂಜಿನಿಯರಿಂಗನ್ನು ಓದಿ, ಫಿಲಿಪ್ಸ್ ಕಂಪನಿಯಲ್ಲಿ ಕೆಲವು ವರ್ಷ ದುಡಿದು, ಈತನು ೧೯೫೬ರಲ್ಲಿ ಸೆರ್ನ್ ಸಂಸ್ಥೆಯನ್ನು ಸೇರಿದನು. ಡಾಕ್ಟರ್ ಪದವಿಯನ್ನು ಈತನು ವ್ಯಾಸಂಗದಿಂದ ಪಡೆಯಲಿಲ್ಲ. ೧೯೬೧ರಲ್ಲಿ ಈತನು ರಚಿಸಿದ ಕಾಂತಕಹಳೆಯು ಮಿಡಿತದ ವಿದ್ಯೆಯ ಒಂದು ರತ್ನವೆನ್ನಬೇಕು. ಕಹಳೆಯಾಕಾರದ ತೆಳುವಾದ ಲೋಹದ ವಾಹಕದಲ್ಲಿ, ಧಾರಕಗಳಲ್ಲಿ ಕೂಡಿಟ್ಟ ಶಕ್ತಿಯಿಂದ, ಸುಮಾರು ಮೂರು ಲಕ್ಷ ಆಂಪಿಯರುಗಳನ್ನು ಕ್ಷಣಮಾತ್ರ ಹರಿಸಿದಾಗ, ನಾನಾ ದಿಕ್ಕುಗಳಿಗೆ ಚೆದರಿ ಹೊರಟ ಪೈಯಾನ್ ಕಣಗಳು ಒಂದೇ ದಿಕ್ಕಿಗೆ ಕೂಡಿ ಹರಿಯುವುವು. ಅವು ಹಾದಿಯಲ್ಲಿ ಕ್ಷಯಿಸಿದಾಗ ಹುಟ್ಟುವ ನ್ಯೂಟ್ರಿನೋಗಳೂ ಅದೇ ದಿಕ್ಕನ್ನು ಹಿಡಿಯುವುವು. ೧೯೬೩ರಲ್ಲಿ ಸೆರ್ನಿನ ನ್ಯೂಟ್ರಿನೋ ಪ್ರಯೋಗಗಳು ಈ ಕಹಳೆಯ ನೆರವಿನಿಂದ ನಡೆದುವು. ಕನ್ನಡನಾಡಿನವರಿಗೆ ಇಲ್ಲಿ ಒಂದು ಸಂಗತಿಯು ನೆನಪಾಗದಿರದು. ಅದಾದ ಎರಡೇ ವರ್ಷಗಳಲ್ಲಿ, ೧೯೬೫ರಲ್ಲಿ, ಕೋಲಾರದ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅದೇ ವರ್ಷ ಸಿಕ್ಕಿತು. ಅಲ್ಲಿಯೂ ತಾಯಿಕಣಗಳು ಪೈಯಾನ್ ಮುಂತಾದುವೇ. ಅವನ್ನು ಒಗ್ಗೂಡಿಸುವ ಕಹಳೆಯು ಆಕಾಶದಲ್ಲಿಲ್ಲದ ಕಾರಣ ಭೂಗರ್ಭದಲ್ಲಿ ಕುಳಿತು ಬಹುಕಾಲ ಕಾಯಬೇಕಾಯಿತು, ಅಷ್ಟೆ.

ಬಳಿಕ ವಾನ್ ಡರ್ ಮೀರನು ಸೆರ್ನಿನ ಎರಡು ದೊಡ್ಡ ಯಂತ್ರಗಳ ಅಯಸ್ಕಾಂತಗಳಿಗೆ ವಿದ್ಯುತ್ತನ್ನು ಒದಗಿಸುವ ವ್ಯವಸ್ಥೆಯ ಹೊಣೆಯನ್ನು ಹೊತ್ತಿದ್ದನು. ಆ ವರ್ಷಗಳಲ್ಲಿಯೇ, ೧೯೭೨ರಲ್ಲಿ, ಕಣಗಳ ಅಲೆದಾಟವನ್ನು ತಗ್ಗಿಸುವ ತನ್ನ ಪ್ರಸಿದ್ಧ ತತ್ತ್ವವನ್ನು ಪ್ರಕಟಿಸಿದನು. ಅದರ ಬಲದಿಂದ ೧೯೮೩ರಲ್ಲಿ ಡಬ್ಲ್ಯು ಮತ್ತು ಜೆಡ್ ಕಣಗಳು ಕಂಡುವು. ಮರುವರ್ಷ ಕಾರ್ಲೊ ರುಬಿಯಾನೊಡನೆ ನೊಬೆಲ್ ಪಾರಿತೋಷಕವು ಬಂದಿತು. ವಿದ್ಯುತ್ತಿನ ಏರಿಳಿತವನ್ನು ದಿನವೂ ಅಳೆದು ತಿದ್ದುತ್ತಿದ್ದ ಕೈಗೆ ಕಣಗಳ ಏರಿಳಿತವನ್ನು ಅಳೆದು ತಿದ್ದುವ ಆಲೋಚನೆಯು ಹೊಳೆದುದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ನಾವು ಭಾವಿಸುತ್ತೇವೆ.

ಈ ನಡುವೆ ಭಂಡಾರಗಳ ಕಥೆಯು ವಿಚಿತ್ರವಾದ ತಿರುವುಗಳನ್ನು ಪಡೆಯಿತು. ೧೯೭೬ರಲ್ಲಿ ತೊಡಗಿದ ಸೆರ್ನಿನ ಏಳು ಕಿಲೋಮೀಟರು ಸುತ್ತಳತೆಯ ಯಂತ್ರಕ್ಕೆ ಕೆರೆಯೇ ಬೇಕಾಗಲಿಲ್ಲ. ಫ್ರಾನ್ಸಿನ ನಾಲ್ಕು ಲಕ್ಷ ವೋಲ್ಟುಗಳ ವಿದ್ಯುಜ್ಜಾಲವು ಅಷ್ಟು ಹೊತ್ತಿಗೆ ಎಷ್ಟು ವಿಶಾಲವಾಗಿತ್ತೆಂದರೆ, ಹತ್ತು ಕೋಟಿ ವಾಟುಗಳಿಗೂ ಮಿಗಿಲಾದ ಮಿಡಿತವನ್ನು ಅದರಿಂದಲೇ ನೇರವಾಗಿ ಎಳೆದು ಮರಳಿಸಬಹುದಾಗಿತ್ತು. ತಂತಿಯಲ್ಲಿನ ಏರುಪೇರನ್ನು ಸರಿದೂಗಿಸುವ ಯಂತ್ರಗಳನ್ನಿಟ್ಟರೆ ಸಾಕಾಯಿತು. ಆದರೆ ಅದೇ ಆವರಣದ ಹಿರಿಯ ಯಂತ್ರವು, ೧೯೬೮ರಲ್ಲಿ ಇಟ್ಟ ತಿರುಗುವ ಭಾರವನ್ನೇ ನಂಬಿಕೊಂಡು ನಾಲ್ಕು ದಶಕಗಳನ್ನು ಕಳೆಯಿತು. ೨೦೧೧ರಲ್ಲಿ ಅದರ ಸ್ಥಾನಕ್ಕೆ, ಅಲುಗಾಡದೆ ನಿಂತ ಆರು ಪೆಟ್ಟಿಗೆಗಳಲ್ಲಿ ತುಂಬಿದ ಧಾರಕಗಳು ಬಂದುವು. ಆರು ಕೋಟಿ ವಾಟುಗಳ ಶಿಖರವನ್ನು ಮುಟ್ಟಬಲ್ಲ ಈ ಭಂಡಾರದಲ್ಲಿ ತಿರುಗುವ ಭಾಗವೊಂದೂ ಇಲ್ಲ. ಬರ್ಕ್ಲಿಯ ಆ ಗೋಳುದನಿಗೆ ಇಲ್ಲಿ ಅವಕಾಶವಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಯು ನೆಲೆಗೊಂಡುದು ಇಂದೂರಿನಲ್ಲಿ. ೧೯೮೪ರಲ್ಲಿ ಅಲ್ಲಿ ಸ್ಥಾಪಿತವಾದ ಸಂಸ್ಥೆಯು ಇಂದು ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರನ್ನು ಹೊತ್ತಿದೆ. ಇಂಡಸ್ ಎಂಬ ಹೆಸರಿನ ಎರಡು ಉಂಗುರಗಳಿಗೆ ಅಲ್ಲಿ ಇಲೆಕ್ಟ್ರಾನುಗಳನ್ನು ತುಂಬುವಾಗ, ಒಂದು ಯಂತ್ರದ ಹಾದಿಯಿಂದ ಮತ್ತೊಂದರ ಹಾದಿಗೆ ಅವನ್ನು ಒದ್ದು ದಾಟಿಸುವುದು ಮಿಡಿತದ ಅಯಸ್ಕಾಂತಗಳೇ.

ಒದೆಯುವ ಈ ಅಯಸ್ಕಾಂತಗಳ ಪರಮಾವಧಿಯನ್ನು ನೋಡಬೇಕಾದರೆ ಮತ್ತೆ ಜಿನೀವಾಕ್ಕೇ ಹೋಗಬೇಕು. ಅಲ್ಲಿನ ೨೭ ಕಿಲೋಮೀಟರುಗಳ ಮಹಾಯಂತ್ರದಲ್ಲಿ ಬಾಗಿಸುವ ಅಯಸ್ಕಾಂತಗಳು ಅತಿಶೀತದಲ್ಲಿ ಮೆಲ್ಲಗೆ ಏರುವಂತಹವು. ಆದರೆ ಯಾವ ಕ್ಷಣದಲ್ಲಿ ಕೆಡುಕು ತೋರಿದರೂ ಕಣಗಳ ಪ್ರವಾಹವನ್ನು ಹೊರಕ್ಕೆ ತಳ್ಳಿಬಿಡಬೇಕು. ಒಂದೊಂದು ಪ್ರವಾಹದಲ್ಲಿಯೂ ಪೂರ್ಣ ಎಣಿಕೆಯಂತೆ ೩೬ ಕೋಟಿ ಜೂಲಿಗೂ ಮಿಗಿಲಾದ ಶಕ್ತಿಯಿರುವುದು. ಕ್ಯಾನ್‌ಬೆರಾದ ಎಂಬತ್ತು ಟನ್ನು ಉಕ್ಕಿನಲ್ಲಿ ಕೂಡುತ್ತಿದ್ದುದರ ಮುಕ್ಕಾಲು ಪಾಲಿಗೆ ಇದು ಹತ್ತಿರ. ಕಣಗಳು ಉಂಗುರವನ್ನು ಒಮ್ಮೆ ಸುತ್ತಲು ಬೇಕಾಗುವುದು ಸೆಕೆಂಡಿನ ದಶಲಕ್ಷದಲ್ಲಿ ೮೯ ಪಾಲು. ಅವುಗಳ ಸಾಲಿನಲ್ಲಿ ಅಂತಹ ಮೂರು ಪಾಲಿನಷ್ಟು ತೆರಪನ್ನು ಬಿಟ್ಟಿರುತ್ತಾರೆ. ಆ ತೆರಪಿನೊಳಗೇ ಒದೆಯುವ ಅಯಸ್ಕಾಂತಗಳು ಸೊನ್ನೆಯಿಂದ ಪೂರ್ಣಬಲಕ್ಕೆ ಏರಿ ನಿಲ್ಲಬೇಕು. ತಡವಾದರೆ ಕಣಗಳು ಅರ್ಧ ಬಾಗಿ ಯಂತ್ರವನ್ನೇ ಕೊರೆಯುವುವು. ಅದಕ್ಕಾಗಿ ಹೆಚ್ಚು ವೋಲ್ಟೇಜಿನ ಧಾರಕಗಳು ಹಗಲಿರುಳೂ ತುಂಬಿ ಕಾದಿರುತ್ತವೆ. ಕಣಗಳ ಶಕ್ತಿಯು ಏರಿದಂತೆಲ್ಲ ಅವುಗಳ ವೋಲ್ಟೇಜನ್ನೂ ಏರಿಸುತ್ತಿರುತ್ತಾರೆ. ಒಂದೊಂದು ಪ್ರವಾಹಕ್ಕೂ ಇಂತಹ ಅಯಸ್ಕಾಂತಗಳು ಹದಿನೈದು. ಅವುಗಳಲ್ಲಿ ಒಂದು ಮಿಡಿಯದೆ ಹೋದರೂ ಉಳಿದ ಹದಿನಾಲ್ಕು ಸಾಕಾಗುವಂತೆ ಲೆಕ್ಕ ಹಾಕಿ ಇಟ್ಟಿದ್ದಾರೆ.